ಸೋರುವ ಕಿಟಕಿ ಕೀಳುವ ಮೊದಲು ಪೈಪು ಹಿಡಿದು ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಧಾರವಾಡದ ಒಬ್ಬರು ಬರೆದ ಪತ್ರ ಓದಿದೆ. ಮೊಮ್ಮಗಳು ಓದುವ ಹಳೆಯ ಶಾಲೆಯಲ್ಲಿ ಮಳೆ ಜೋರಾದರೆ ಕಿಟಕಿಯಿಂದ ನೀರು ಒಳಗೆ ಬರುತ್ತದೆ, ಮಕ್ಕಳು ಬೆಂಚು ಎಳೆದುಕೊಂಡು ಕೋಣೆಯ ನಡುವೆ ಕೂರುತ್ತಾರೆ ಅಂತ ಬರೆದಿದ್ದರು. ಸಿಟ್ಟು ಬರಬೇಕಾದ ಮಾತೇ. ಆದರೆ ಕೊನೆಯಲ್ಲಿ ಅವರು ಕೊಟ್ಟ ಸಲಹೆ ಓದಿ ನನಗೆ ಸುಮ್ನೆ ಕೂರಲು ಆಗಲಿಲ್ಲ. ಜಿಲ್ಲೆಯ ಹಳೆಯ ಶಾಲೆ, ಕಚೇರಿಗಳ ಕಟ್ಟಿಗೆಯ ಕಿಟಕಿಗಳನ್ನೆಲ್ಲ ಕಿತ್ತು ಅಲ್ಯುಮಿನಿಯಂ ಸ್ಲೈಡಿಂಗ್ ಹಾಕಿಸಬೇಕಂತೆ. ಕಟ್ಟಿಗೆ ಅಂದಮೇಲೆ ಸೋರೋದೇ ಅಂತ ಒಂದು ಮಾತು ಬೇರೆ.

ನಾನು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಬಡಗಿಯಾಗಿದ್ದವನು. ಈಗ ನಿವೃತ್ತ. ಅಲ್ಯುಮಿನಿಯಂ ಮೇಲೆ ನನಗೆ ಹಗೆಯೇನಿಲ್ಲ, ನಮ್ಮ ಮನೆಯ ಅಡುಗೆ ಕೋಣೆಗೆ ಅದೇ ಇದೆ. ನನ್ನ ತಕರಾರು ಇಷ್ಟೇ: ನೀರು ಎಲ್ಲಿಂದ ಬರುತ್ತಿದೆ ಅಂತ ಯಾರೂ ನೋಡದೆ ಕಿಟಕಿಗೆ ಶಿಕ್ಷೆ ಕೊಡುತ್ತಿದ್ದೇವೆ. ಸಾಗವಾನಿ ಕಿಟಕಿ ಸೋರಿದರೆ ಹೆಚ್ಚಿನ ಸಲ ಅದಕ್ಕೆ ಕಾರಣ ಕಟ್ಟಿಗೆಯಲ್ಲ. ಒಳಗೆ ಸೇರಿದ ನೀರು ಹೊರಗೆ ಹೋಗುವ ದಾರಿಯನ್ನು ನಾವೇ ಮುಚ್ಚಿರುತ್ತೇವೆ. ಈ ಮಾತು ನನಗೆ ಗೊತ್ತಿದ್ದದ್ದೇ. ಆದರೆ ಒಂದು ಹಳೆಯ ದೋಣಿಯ ಕೆಲಸ ಕೈಗೆ ಬಂದ ಮೇಲೆ ಅದನ್ನು ಯಾರಿಗೆ ಬೇಕಾದರೂ ತೋರಿಸಿ ಹೇಳಬಲ್ಲೆ ಅನಿಸಿತು. ಹಾಗಾಗಿ ಪತ್ರ ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನನ್ನ ತಂಗಿಯ ಮಗ ಹುಬ್ಬಳ್ಳಿಯಲ್ಲಿ ಬಟ್ಟೆ ವ್ಯಾಪಾರ ಮಾಡುವವನು. ಅವನಿಗೆ ಎಲ್ಲಿಂದ ಹುಚ್ಚು ಹತ್ತಿತೋ, ಗೋಕರ್ಣದ ಹತ್ತಿರ ತದಡಿಯಲ್ಲಿ ಹಳೆಯ ಕಟ್ಟಿಗೆಯ ಲಾಂಚು ಕೊಂಡ. ಸೇತುವೆಗಳು ಬರುವ ಮುಂಚೆ ಜನರನ್ನು ಹೊಳೆ ದಾಟಿಸುತ್ತಿದ್ದ ದೋಣಿ. ರಿಪೇರಿ ಮಾಡಿಸಿ ಅಘನಾಶಿನಿ ಹೊಳೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸಬೇಕು ಅಂತ ಅವನ ಲೆಕ್ಕ. ಉಣಕಲ್ ಕೆರೆ ಬಿಟ್ಟರೆ ಬೇರೆ ನೀರು ಕಾಣದ ನಮ್ಮಂಥವರಿಗೆ ಇದೆಲ್ಲ ಯಾಕೆ ಅಂತ ಮನೆಯಲ್ಲಿ ಎಲ್ಲರೂ ಹೇಳಿದರು. ಕೇಳುವವನಲ್ಲ.

ದೋಣಿಯ ಕೆಳಭಾಗದ ಕೆಲಸವನ್ನು ಅಲ್ಲಿಯ ಆಚಾರಿಯೊಬ್ಬರು ಹಿಡಿದಿದ್ದರು. ಹಲಗೆಗಳ ಸಂದಿಯಲ್ಲಿ ಹಳೆಯದನ್ನೆಲ್ಲ ಕೆತ್ತಿ ತೆಗೆದು, ಹತ್ತಿಯ ನೂಲು ತುಂಬಿ, ರಾಳ ಮತ್ತು ಎಣ್ಣೆ ಬೆರೆಸಿದ್ದನ್ನು ಮೆತ್ತಿ, ಹೊರಗಡೆ ಗೇರು ಸಿಪ್ಪೆಯ ಎಣ್ಣೆ ಬಳಿಯುವ ಕೆಲಸ. ನೋಡುತ್ತ ನಿಂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಮೀನು ಹಿಡಿಯುವಂತಿಲ್ಲ. ಆಗ ದೋಣಿಗಳೆಲ್ಲ ದಡದಲ್ಲಿ, ಆಚಾರಿಗಳಿಗೆ ಉಸಿರಾಡಲೂ ಪುರಸೊತ್ತಿಲ್ಲ. ಕಿಟಕಿ ನೋಡಲು ಅವರಿಗೆ ಸಮಯವಿರಲಿಲ್ಲ. ಅಳಿಯ ನನಗೆ ಫೋನ್ ಮಾಡಿದ. ‘ಮಾಮಾ, ಕಿಟಕಿ ಎಲ್ಲಾ ಸೋರಾಕತ್ತಾವು. ಕಿತ್ತು ಅಲ್ಯುಮಿನಿಯಂ ಹಾಕ್ಸಿಬಿಡೂನೇನ್ರಿ?’ ಅಂದ. ನಿಮ್ಮ ಧಾರವಾಡದ ಓದುಗರ ಮಾತೇ, ಅಲ್ವಾ? ‘ನಾ ಬಂದು ನೋಡೂತನಕಾ ಒಂದು ಸ್ಕ್ರೂನೂ ಮುಟ್ಟಬ್ಯಾಡ’ ಅಂತ ಹೇಳಿ, ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿದು ಹೋದೆ.

ಆಚಾರಿಯವರು ಒಂದು ಮಾತು ಹೇಳಿದರು. ‘ಕೆಳಗಿನ ಉಪ್ಪುನೀರು ದೋಣಿಗೆ ಎಂಥದೂ ಮಾಡೂದಿಲ್ಲ ಮಾರಾಯ್ರೆ, ಮೇಲಿನ ಮಳೆನೀರೇ ತಿಂಬೂದು.’ ಕೊಳೆಯುವ ವಿಷಯದಲ್ಲಿ ಕಟ್ಟಿಗೆ ಕೆಲಸ ಮಾಡಿದವರಿಗೆ ಇದು ಒಪ್ಪುವ ಮಾತು. ಕಟ್ಟಿಗೆ ಕೊಳೆಯುವುದು ಶಿಲೀಂಧ್ರದಿಂದ. ಕಟ್ಟಿಗೆಯಲ್ಲಿ ನೀರಿನಂಶ ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ ಅದು ಬೆಳೆಯುವುದಿಲ್ಲ. ಉಪ್ಪು ಅದಕ್ಕೆ ಒಗ್ಗುವುದಿಲ್ಲ. ಸಿಹಿನೀರು, ಗಾಳಿ, ಒಂದಿಷ್ಟು ಬೆಚ್ಚಗೆ ಇದ್ದರೆ ಅದಕ್ಕೆ ಹಬ್ಬ. ದೋಣಿಯ ತಳದಲ್ಲಿ ಇನ್ನೊಂದು ಅನುಕೂಲವಿದೆ. ನೀರಿಗಿಳಿದ ಮೇಲೆ ಹಲಗೆ ಉಬ್ಬುತ್ತದೆ, ಸಂದಿ ತಾನೇ ಬಿಗಿಯಾಗುತ್ತದೆ. ಕಿಟಕಿಗೆ ಆ ಭಾಗ್ಯವಿಲ್ಲ. ಅದು ಬೆಳಗ್ಗೆ ತೊಯ್ಯುತ್ತದೆ, ಮಧ್ಯಾಹ್ನ ಒಣಗುತ್ತದೆ. ಕಟ್ಟಿಗೆ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಹಾಗಾಗಿ ಅಡ್ಡಪಟ್ಟಿ ಮತ್ತು ನಿಲುವುಪಟ್ಟಿ ಕೂಡುವ ಮೂಲೆ ಮೊದಲು ಬಾಯಿ ಬಿಡುತ್ತದೆ. ಅಲ್ಲಿ ಕಟ್ಟಿಗೆಯ ತುದಿ ಇರುತ್ತದೆ ನೋಡಿ, ಆ ತುದಿ ನೀರು ಕುಡಿಯುವಷ್ಟು ಮೈ ಕುಡಿಯುವುದಿಲ್ಲ. ಯಾವ ಹಳೆಯ ಕಿಟಕಿಯನ್ನಾದರೂ ನೋಡಿ, ಕೊಳೆತಿರುವುದು ಕೆಳಗಿನ ಎರಡು ಮೂಲೆ.

ಲಾಂಚಿನ ಕಿಟಕಿಗಳು ನನಗೆ ನೆಂಟರ ಹಾಗೆ ಪರಿಚಿತ. ಗಾಜಿನ ಚೌಕಟ್ಟು ಪಟ್ಟಿ ಹಿಡಿದು ಎತ್ತುವಂಥದ್ದು, ಬಿಟ್ಟರೆ ಕೆಳಗೆ ಗೋಡೆಯೊಳಗೆ ಇಳಿಯುತ್ತದೆ. ಹಳೆಯ ಕೆಲವು ರೈಲು ಬೋಗಿಗಳಲ್ಲೂ ಹೀಗೇ ಇರುತ್ತಿತ್ತು. ಚೌಕಟ್ಟು ಇಳಿಯುವ ಆ ಜಾಗವನ್ನು ನಾವು ಪಾಕೆಟ್ ಅನ್ನುತ್ತಿದ್ದೆವು. ಅಂಥ ಕಿಟಕಿ ಮಾಡಿದವರು ಮಳೆನೀರು ಒಳಗೆ ಬರಲೇಬಾರದು ಅಂತ ಹಟ ಹಿಡಿಯುತ್ತಿರಲಿಲ್ಲ. ಓಡುವ ಗಾಡಿಗೆ ಗಾಳಿಮಳೆ ಹೊಡೆದರೆ ಗಾಜಿನ ಪಕ್ಕದಿಂದ ನೀರು ಇಳಿಯುವುದೇ. ಇಳಿಯಲಿ. ಪಾಕೆಟ್ಟಿನ ತಳ ಹೊರಗಡೆಗೆ ಇಳಿಜಾರು, ತಳದಲ್ಲಿ ತೂತು. ಬಂದ ನೀರು ಬಂದ ಹಾಗೆ ಹಳಿಯ ಮೇಲೆ ಬೀಳುತ್ತದೆ. ವರ್ಕ್‌ಶಾಪಿಗೆ ಬಂದ ಬೋಗಿಯಲ್ಲಿ ಆ ತೂತಿಗೆ ತಂತಿ ಹಾಕಿ ಕಸ ತೆಗೆಯುವುದು ಹೊಸದಾಗಿ ಸೇರಿದ ಹುಡುಗರ ಕೆಲಸ. ಅದನ್ನು ಬಿಟ್ಟರೆ ಮೇಸ್ತ್ರಿಯ ಬೈಗುಳ ತಪ್ಪುತ್ತಿರಲಿಲ್ಲ.

ತದಡಿಯ ಲಾಂಚಿನಲ್ಲೂ ತಳದಲ್ಲಿ ಅಂಥದೇ ತೂತು ಕೊರೆದಿದ್ದರು, ಒಳಗೆ ಹಿತ್ತಾಳೆಯ ಸಣ್ಣ ಕೊಳವೆ ಬೇರೆ ಕೂರಿಸಿದ್ದರು. ಚೆಂದದ ಕೆಲಸ. ಆದರೆ ಹಿಂದಿನ ಯಾರೋ ಮಾಲೀಕರ ಕಾಲದಲ್ಲಿ ‘ನೀರು ಇಲ್ಲಿಂದ ಬರ್ತದೆ’ ಅಂತ ಯಾರೋ ತೀರ್ಮಾನ ಮಾಡಿ, ಎಲ್ಲ ತೂತುಗಳಿಗೂ ಸಿಲಿಕೋನ್ ತುಂಬಿದ್ದರು. ಮೇಲೆ ಒಂದು ಕೈ ಬಣ್ಣ. ಮುಂದೇನಾಯಿತು ಅಂತ ಊಹಿಸಬಹುದು. ಪಾಕೆಟ್ಟಿನಲ್ಲಿ ನೀರು ನಿಂತಿತು. ಜೋಳ ತುಂಬಿಡುವ ನೆಲದೊಳಗಿನ ಹಗೇವಿಗೆ ನೀರು ಹೊಕ್ಕರೆ ಮೇಲೆ ನಿಂತವರಿಗೆ ಏನೂ ಕಾಣದೆ ಒಳಗೆ ಜೋಳ ಕಪ್ಪಾಗುತ್ತದಲ್ಲ, ಹಾಗೆ. ತಳದ ಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಕೆಯವರೆಗೂ ಹೋಯಿತು. ಮೇಲಿನ ಸಾಗವಾನಿ ಮಾತ್ರ ಗಟ್ಟಿ. ರಂದಾ ಹೊಡೆದರೆ ಎಣ್ಣೆಯ ವಾಸನೆ ಇನ್ನೂ ಬರುತ್ತಿತ್ತು.

ನೋಡಿ, ಸೋರಿಕೆ ಹುಡುಕುವುದರಲ್ಲಿ ಒಂದು ತೊಡಕಿದೆ. ನೀರು ಕಾಣುವ ಜಾಗ ಬೇರೆ, ಹೊಕ್ಕುವ ಜಾಗ ಬೇರೆ. ಮೇಲೆ ಚಾವಣಿಯ ಅಂಚಿನಲ್ಲಿ ಹೊಕ್ಕ ನೀರು ಕಂಬದ ಹಿಂದೆ ಇಳಿದು ಕಿಟಕಿಯ ಮೂಲೆಯಲ್ಲಿ ಬಂದು ಮುಖ ತೋರಿಸುತ್ತದೆ. ಎಲ್ಲರೂ ಕಿಟಕಿಗೆ ಬೈಯುತ್ತಾರೆ. ಅದಕ್ಕೇ ಪೈಪು ಹಿಡಿಯಬೇಕು. ಕೆಳಗಿನಿಂದ ಶುರು ಮಾಡಬೇಕು, ಮೇಲಿನಿಂದಲ್ಲ. ಮೇಲೆ ಹಿಡಿದರೆ ನೀರು ಎಲ್ಲ ಕಡೆ ಇಳಿದು ಏನೂ ಗೊತ್ತಾಗುವುದಿಲ್ಲ. ಮೊದಲು ಅಡಿಪಟ್ಟಿಗೆ ಮಾತ್ರ ನೀರು, ಕೆಲವು ನಿಮಿಷ ತಾಳ್ಮೆ. ಒಳಗೊಬ್ಬರು ಟಾರ್ಚ್ ಹಿಡಿದು ಕೂರಬೇಕು. ಏನೂ ಬರಲಿಲ್ಲವೇ, ಕೆಳಗಿನ ಮೂಲೆಗೆ ಬನ್ನಿ. ಆಮೇಲೆ ಗಾಜಿನ ಬದಿ. ಕಡೆಗೆ ಮೇಲಿನ ಪಟ್ಟಿ, ಅದರ ಮೇಲಿನ ಗೋಡೆ. ಒಳಗಡೆ ಸಂದಿಗಳಿಗೆ ಪತ್ರಿಕೆಯ ಹಾಳೆ ಚೂರು ಅಂಟಿಸಿಟ್ಟರೆ ಮೊದಲ ಹನಿ ಎಲ್ಲಿ ಬಂತು ಅಂತ ಕಪ್ಪಾಗಿ ತೋರಿಸುತ್ತದೆ. ನಿಮ್ಮ ಪತ್ರಿಕೆಯನ್ನೇ ಬಳಸಿದೆ, ಕ್ಷಮಿಸಿ. ಕ್ರೀಡಾಪುಟ ಜಾಸ್ತಿ ಹೀರುತ್ತದೆ!

ಲಾಂಚಿನಲ್ಲಿ ಹೀಗೆ ನೋಡಿದಾಗ ಕೆಲವು ಕಿಟಕಿಗಳಲ್ಲಿ ಗಾಜಿನ ಸುತ್ತ ಸೋರಿಕೆಯೇ ಇರಲಿಲ್ಲ. ಮೇಲೆ ಚಾವಣಿ ಮತ್ತು ಗೋಡೆ ಕೂಡುವಲ್ಲಿ ಪಟ್ಟಿ ಎದ್ದಿತ್ತು. ಅಲ್ಯುಮಿನಿಯಂ ಹಾಕಿಸಿದ್ದರೆ ದುಡ್ಡು ಹೋಗುತ್ತಿತ್ತು, ನೀರು ನಿಲ್ಲುತ್ತಿರಲಿಲ್ಲ.

ಚೌಕಟ್ಟುಗಳನ್ನು ಬಿಚ್ಚಿ, ನಂಬರು ಬರೆದು, ಹಿಂದಿರುಗುವ ಲಾರಿಯಲ್ಲಿ ಹುಬ್ಬಳ್ಳಿಗೆ ತರಿಸಿಕೊಂಡೆ. ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೆಲಸ. ಮೊದಲು ಒಣಗಿಸಬೇಕಿತ್ತು, ನೆರಳಲ್ಲಿ, ನಿಧಾನವಾಗಿ. ಬಿಸಿಲಿಗಿಟ್ಟರೆ ಸೀಳುತ್ತದೆ. ಇಲ್ಲಿ ನಮ್ಮ ಊರಿನ ಒಣ ಹವೆ ಕೆಲಸಕ್ಕೆ ಬಂತು. ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ, ನಮ್ಮ ಕಡೆ 800ರ ಆಸುಪಾಸು. ಅಲ್ಲಿ ತಿಂಗಳಲ್ಲಿ ಒಣಗದ್ದು ಇಲ್ಲಿ ವಾರದಲ್ಲಿ ಒಣಗುತ್ತದೆ.

ಎಲ್ಲಕ್ಕಿಂತ ಕಾಡಿದ್ದು ಹಳೆಯ ಸಿಲಿಕೋನ್. ಒಂದರ ಮೇಲೊಂದು ಪದರ. ಸೋರಿದಾಗಲೆಲ್ಲ ಒಂದು ಟ್ಯೂಬ್ ತಂದು ಮೆತ್ತಿದ್ದಾರೆ. ಸಿಲಿಕೋನಿನ ಮೇಲೆ ಬಣ್ಣ ನಿಲ್ಲುವುದಿಲ್ಲ, ಅಂಟು ಹಿಡಿಯುವುದಿಲ್ಲ, ಹಳೆಯ ಸಿಲಿಕೋನಿನ ಮೇಲೆ ಹೊಸ ಸಿಲಿಕೋನೂ ನೆಟ್ಟಗೆ ಹಿಡಿಯುವುದಿಲ್ಲ. ಹಚ್ಚುವಾಗ ವಿನೆಗರ್ ವಾಸನೆ ಬರುವ ಅಗ್ಗದ ಜಾತಿಯಂತೂ ಹಿತ್ತಾಳೆ ಸ್ಕ್ರೂವನ್ನು ಹಸಿರು ಮಾಡುತ್ತದೆ. ಮೊಂಡ ಉಳಿಯಿಂದ ಕೆರೆದು, ಕೊನೆಯ ತೆಳು ಪದರವನ್ನು ರಂದಾದಿಂದಲೇ ತೆಗೆಯಬೇಕಾಯಿತು. ಹಾರ್ಡ್‌ವೇರ್ ಅಂಗಡಿಯಲ್ಲಿ ಪ್ರತಿ ಮಳೆಗಾಲಕ್ಕೂ ಟ್ಯೂಬ್ ಕೊಳ್ಳುವವರನ್ನು ಕಂಡಾಗ ನನಗೆ ಆ ಕಿಟಕಿ ನೆನಪಾಗುತ್ತದೆ. ಹೇಳಲು ಹೋಗುವುದಿಲ್ಲ. ಒಮ್ಮೆ ಹೇಳಿದ್ದಕ್ಕೆ ಅಂಗಡಿಯವನು ನನ್ನನ್ನು ನೋಡಿದ ರೀತಿಯೇ ಸಾಕು.

ಕೊಳೆತ ಮೂಲೆಗಳನ್ನು ಗಟ್ಟಿ ಕಟ್ಟಿಗೆ ಸಿಗುವವರೆಗೂ ಕತ್ತರಿಸಿ, ಹೊಸ ತುಂಡು ಕೂರಿಸಿದೆ. ಇಡೀ ಪಟ್ಟಿ ಬದಲಿಸಬೇಕಾದದ್ದು ತಳದಲ್ಲಿ ಮಾತ್ರ. ತುಂಡು ಕೂಡಿಸುವಾಗ ನೇರಕ್ಕೆ ಕತ್ತರಿಸಿ ತಲೆಗೆ ತಲೆ ಹಚ್ಚಿದರೆ ಅಂಟು ನಿಲ್ಲುವುದಿಲ್ಲ. ಎರಡೂ ಕಡೆ ಇಳಿಜಾರಾಗಿ ಸೀಳಿ, ನಾರಿನ ದಿಕ್ಕು ಒಂದೇ ಇರುವಂತೆ ಕೂಡಿಸಬೇಕು. ದೋಣಿಯವರು ಹಲಗೆ ಕೂಡಿಸುವಾಗ ಒಂದಿಂಚು ದಪ್ಪಕ್ಕೆ ಎಂಟಿಂಚು ಇಳಿಜಾರು ಬಿಡುತ್ತಾರೆ. ಕಿಟಕಿಗೆ ಅಷ್ಟು ಬೇಡ. ಸಾಗವಾನಿಯಲ್ಲಿ ಎಣ್ಣೆ ಇರುವುದರಿಂದ ಅಂಟು ಹಚ್ಚುವ ಸ್ವಲ್ಪ ಮುಂಚೆ ಅಸಿಟೋನ್ ಬಟ್ಟೆಯಿಂದ ಒರೆಸಬೇಕು. ಬಿಳಿ ಅಂಟು ಸದಾ ತೊಯ್ಯುವ ಜಾಗಕ್ಕೆ ಆಗುವುದಿಲ್ಲ, ಎಪಾಕ್ಸಿಯೇ ಸರಿ. ಹೊಸ ತುಂಡಿಗೂ ಹಳೆಯ ಸಾಗವಾನಿಯನ್ನೇ ಹುಡುಕಿದೆ. ಈಗ ಅಂಗಡಿಯಲ್ಲಿ ಸಿಗುವ ಎಳೆಯ ತೋಪಿನ ಸಾಗವಾನಿಯಲ್ಲಿ ಬಿಳಿ ಭಾಗ ಜಾಸ್ತಿ, ಕೆಚ್ಚು, ಅಂದರೆ ಮರದ ನಡುವಿನ ಗಟ್ಟಿ ಭಾಗ, ಕಡಿಮೆ. ಬಿಳಿ ಭಾಗಕ್ಕೆ ಹುಳವೂ ಹತ್ತುತ್ತದೆ, ಕೊಳೆಯೂ ಹತ್ತುತ್ತದೆ. ಸಾಗವಾನಿ ಅನ್ನುವ ಹೆಸರು ಅದನ್ನು ಕಾಯುವುದಿಲ್ಲ.

ಗಾಜು ಕೂರಿಸುವುದರಲ್ಲಿ ಮನೆಗೂ ದೋಣಿಗೂ ವ್ಯತ್ಯಾಸವಿದೆ. ಮನೆಯ ಕಿಟಕಿಗೆ ಅಗಸಿ ಎಣ್ಣೆ ಮತ್ತು ಸೀಮೆಸುಣ್ಣದ ಪುಡಿಯ ಹಳೆಯ ಪುಟ್ಟಿಯೇ ಸಾಕು. ವಾರ, ಎರಡು ವಾರದಲ್ಲಿ ಮೇಲ್ಪದರ ಗಟ್ಟಿಯಾಗುತ್ತದೆ, ಆಮೇಲೆ ಬಣ್ಣ. ಆ ಬಣ್ಣ ಪುಟ್ಟಿ ದಾಟಿ ಗಾಜಿನ ಮೇಲೆ 2 ಮಿ.ಮೀ. ಹತ್ತಬೇಕು. ಪುಟ್ಟಿ ಮತ್ತು ಗಾಜಿನ ನಡುವಿನ ಗೆರೆ ಮುಚ್ಚುವುದೇ ಆ ಬಣ್ಣ. ನಮ್ಮ ಪೇಂಟರುಗಳು ಗಾಜು ಚೊಕ್ಕ ಕಾಣಲಿ ಅಂತ ಬ್ಲೇಡಿನಿಂದ ಅದನ್ನು ಕೆರೆದುಬಿಡುತ್ತಾರೆ. ನೋಡಲು ಚೆಂದ, ಮಳೆಗಾಲದಲ್ಲಿ ಅಲ್ಲೇ ನೀರು. ಹಾಂ, ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹಗ್ಗದ ಮೇಲೆ ಒಣಹಾಕಿ, ಇಲ್ಲವೇ ನೀರಲ್ಲಿ ಅದ್ದಿಡಿ.

ದೋಣಿಗೆ ಆ ಪುಟ್ಟಿ ಆಗಲ್ಲ. ಎಂಜಿನ್ ನಡುಗಿಸುತ್ತದೆ, ಅಲೆ ತಿರುಚುತ್ತದೆ, ಗಟ್ಟಿ ಪುಟ್ಟಿ ಬಿರುಕು ಬಿಡುತ್ತದೆ. ಅಲ್ಲಿ ರಬ್ಬರಿನಂತೆ ಮೆದುವಾಗಿ ಉಳಿಯುವ ಪಾಲಿಯುರೆಥೇನ್ ಅಂಟು ಬಳಸಿದೆ. ಅಳಿಯನ ಕೆಲಸದ ಹುಡುಗ ಸ್ಕ್ರೂಗಳನ್ನು ಶಕ್ತಿಯೆಲ್ಲ ಹಾಕಿ ಬಿಗಿಯಲು ಬಂದ. ತಡೆದೆ. ಅಷ್ಟು ಬಿಗಿದರೆ ನಡುವಿನ ಅಂಟೆಲ್ಲ ಹೊರಗೆ ಬಂದು, ಉಳಿಯುವುದು ಕಾಗದದಷ್ಟು ತೆಳು. ಅದು ಹಿಗ್ಗಲಾರದು, ಹರಿಯುತ್ತದೆ. ಎರಡು ಮೂರು ಮಿ.ಮೀ. ದಪ್ಪ ಉಳಿಯುವ ಹಾಗೆ ಸುಮ್ಮನೆ ಕೂರಿಸಿ, ಮರುದಿನ ಅಂಟು ಗಟ್ಟಿಯಾದ ಮೇಲೆ ಸ್ವಲ್ಪ ಬಿಗಿಯಬೇಕು. ಅಳಿಯನಿಗೆ ಗಾಜಿನ ಬದಲು ಅಕ್ರಿಲಿಕ್ ಹಾಕುವ ಆಸೆ ಇತ್ತು, ಹಗುರ ಅಂತ. ಒಂದು ಮೀಟರ್ ಉದ್ದದ ಅಕ್ರಿಲಿಕ್ ಹಾಳೆ 30 ಡಿಗ್ರಿ ಬಿಸಿಯೇರಿದರೆ 2 ಮಿ.ಮೀ. ಹಿಗ್ಗುತ್ತದೆ, ಗಾಜು ಅದರ ಏಳರಲ್ಲಿ ಒಂದು ಪಾಲೂ ಹಿಗ್ಗುವುದಿಲ್ಲ. ಹಾಕುವುದಾದರೆ ಸುತ್ತ ಜಾಗ ಬಿಡಬೇಕು, ಸ್ಕ್ರೂ ತೂತು ದೊಡ್ಡದಿರಬೇಕು. ಕಡೆಗೆ ಟಫನ್ ಮಾಡಿದ ಗಾಜೇ ಹಾಕಿದೆವು. ಗಾಜಿನ ಕೆಳಗೆ ಸಣ್ಣ ರಬ್ಬರ್ ತುಂಡು ಇಟ್ಟೆ, ಗಾಜು ನೇರ ಕಟ್ಟಿಗೆಯ ಮೇಲೆ ಕೂತು ನೀರು ಹಿಡಿಯದಿರಲಿ ಅಂತ. ತಳದ ತೂತುಗಳಿಗೆ ಮತ್ತೆ ಹಿತ್ತಾಳೆ ಕೊಳವೆ. ಮುಚ್ಚಿದರೆ ನನ್ನ ಆಣೆ ಅಂತ ಅಳಿಯನಿಗೆ ಹೇಳಿ ಬಂದಿದ್ದೇನೆ. ಮಳೆಗೆ ನೀರು ಬರುತ್ತದೆ, ಪಾಕೆಟ್ಟಿಗೆ ಇಳಿಯುತ್ತದೆ, ಹೊರಗೆ ಹೋಗುತ್ತದೆ. ಸೀಟು ಒಣಗಿದೆ.

ಈಗ ಶಾಲೆಯ ವಿಷಯ.

ನಮ್ಮ ಕಡೆಯ ಹಳೆಯ ಕಟ್ಟಡಗಳ ಕಿಟಕಿಗಳು ಸಾಮಾನ್ಯ ಕಟ್ಟಿಗೆಯವಲ್ಲ. ದಾಂಡೇಲಿ ಕಾಡು ಪಕ್ಕದಲ್ಲೇ, ಅಲ್ಲಿಂದ ಅಳ್ನಾವರಕ್ಕೆ ಕಟ್ಟಿಗೆ ಹೊರಲೆಂದೇ ರೈಲು ಹಾಕಿದ ಸೀಮೆ ನಮ್ಮದು. ಧಾರವಾಡದ ಕರ್ನಾಟಕ ಕಾಲೇಜಿನ ಕಟ್ಟಡವೇ ಮೊದಲು ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿತ್ತು, ಕಾಲೇಜು ಶುರುವಾದದ್ದು 1917ರಲ್ಲಿ. ಮಾಳಮಡ್ಡಿಯ ಕಡೆ ಹೋದರೆ ಆ ಕಾಲದ ಹೆಂಚಿನ ಮನೆಗಳ ಕಿಟಕಿ ಇನ್ನೂ ನಿಂತಿವೆ. ನಾನು ಮುಟ್ಟಿ ನೋಡಿದವು ಕೆಚ್ಚಿನವೇ. ಅಂಥದು ಈಗ ಹೊಸದಾಗಿ ಕೊಳ್ಳಲು ಹೋದರೆ ಘನ ಅಡಿಗೆ ಸಾವಿರಾರು ರೂಪಾಯಿ, ಆ ಗುಣದ್ದು ಸಿಗುವುದೂ ಕಷ್ಟ. ಹೀಗಿರುವಾಗ ಕಿತ್ತ ಕಿಟಕಿಗಳು ಎಲ್ಲಿಗೆ ಹೋಗುತ್ತವೆ ಅಂತ ಯಾರಾದರೂ ಕೇಳಿದ್ದೀರಾ? ನನ್ನ ಕಣ್ಣೆದುರೇ ಒಂದು ಕಚೇರಿಯಲ್ಲಿ ಟ್ರ್ಯಾಕ್ಟರಿಗೆ ಹೇರಿದರು. ‘ಗುಜರಿಗೆ’ ಅಂದರು. ಗುಜರಿಯವನು ಅದನ್ನು ಉರುವಲು ಮಾಡುವುದಿಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಹಾಗಾದರೆ ಆ ಕಿಟಕಿಗಳು ಸೋರುವುದೇಕೆ? ನಾನು ನೋಡಿದ ಕಡೆಯೆಲ್ಲ ಕಾರಣ ಲಾಂಚಿನದೇ. ಕಿಟಕಿ ಕಟ್ಟಿದವರು ಅಡಿಯ ಕಲ್ಲು ಅಥವಾ ಪಟ್ಟಿಯನ್ನು ಹೊರಗಡೆಗೆ ಇಳಿಜಾರು ಮಾಡಿದ್ದರು. ಅದು ಗೋಡೆಗಿಂತ ಮುಂದೆ ಚಾಚಿ, ಕೆಳಮುಖದಲ್ಲಿ ಉದ್ದಕ್ಕೆ ಒಂದು ಗೀರು ಇರುತ್ತಿತ್ತು. ಬೆರಳು ಹಾಕಿದರೆ ತಾಗುತ್ತದೆ. ಕೆಳಗೆ ಹರಿದ ನೀರು ಆ ಗೀರಿನ ಹತ್ತಿರ ಬಂದು ಹನಿಯಾಗಿ ಉದುರುತ್ತದೆ, ಗೋಡೆಗೆ ವಾಪಸ್ ಹೋಗುವುದಿಲ್ಲ. ಆಮೇಲೆ ಪ್ಲಾಸ್ಟರ್ ಮಾಡಲು ಬಂದವರು ಗೋಡೆ ದಪ್ಪ ಮಾಡಿದರು, ಚಾಚು ಒಳಗೆ ಹೋಯಿತು. ಗೀರಿಗೆ ಸಿಮೆಂಟು ತುಂಬಿತು. ಚೆಂದ ಕಾಣಲಿ ಅಂತ ಅಡಿಗೆ ಗ್ರಾನೈಟ್ ಹಾಸಿದರು, ಸಮಮಟ್ಟವಾಗಿ. ಕೆಲವು ಕಡೆ ಒಳಗಡೆಗೇ ವಾಲಿದೆ! ಸುಣ್ಣಬಣ್ಣದವರು ಪಡಕಗಳ, ಅಂದರೆ ಕಿಟಕಿಯ ಬಾಗಿಲುಗಳ ಮೇಲೆ ವರ್ಷವರ್ಷ ಬಣ್ಣ ಬಳಿದು ಅವು ಮುಚ್ಚದ ಹಾಗೆ ಮಾಡಿದರು. ಬಿಜಾಗರಿ ಸಡಿಲವಾಗಿ ಪಡಕ ಇಳಿಯಿತು, ಯಾರೋ ಕೆಳಗಿನ ಅಂಚನ್ನು ಗರಗಸದಿಂದ ಕೊಯ್ದು ಸರಿ ಮಾಡಿದರು. ಆ ಸಂದಿಯಿಂದ ಆಷಾಢದ ಗಾಳಿ ನೀರು ತಳ್ಳುತ್ತದೆ. ಪಡುವಣ ಗೋಡೆಯ ಕಿಟಕಿಗಳೇ ಜಾಸ್ತಿ ಸೋರುತ್ತವೆ ಅನ್ನುವುದನ್ನು ಗಮನಿಸಿ. ಕಟ್ಟಿಗೆಯ ದೋಷವಾಗಿದ್ದರೆ ಮೂಡಣದವೂ ಅಷ್ಟೇ ಸೋರಬೇಕಿತ್ತಲ್ಲ?

ಅಲ್ಯುಮಿನಿಯಂ ಹಾಕಿದರೆ ಮುಗಿಯಿತು ಅನ್ನುವವರು ಸ್ಲೈಡಿಂಗ್ ಕಿಟಕಿಯ ಕೆಳಗಿನ ಟ್ರ್ಯಾಕ್ ನೋಡಲಿ. ಅದರ ಹೊರ ಅಂಚಿನಲ್ಲಿ ಸಣ್ಣ ಸೀಳು ಕೊಟ್ಟಿರುತ್ತಾರೆ, ಟ್ರ್ಯಾಕಿಗೆ ಬಿದ್ದ ನೀರು ಹೊರಗೆ ಹೋಗಲಿ ಅಂತ. ಯುಪಿವಿಸಿ ಅನ್ನುವ ಪ್ಲಾಸ್ಟಿಕ್ ಕಿಟಕಿಗೂ ಅದೇ ಏರ್ಪಾಟು. ಬೋಗಿಯ ತೂತು, ಲಾಂಚಿನ ತೂತು, ಇದು ಮೂರನೆಯದು. ಕೂರಿಸುವವರು ಅದನ್ನು ಸಿಮೆಂಟಿನಲ್ಲಿ ಹೂತರೆ ಅಥವಾ ಸಿಲಿಕೋನ್ ಎಳೆದು ಮುಚ್ಚಿದರೆ ಟ್ರ್ಯಾಕ್ ತುಂಬಿ ನೀರು ಒಳಗೆ ಹರಿಯುತ್ತದೆ. ಹೊಸ ಕಟ್ಟಡಗಳಲ್ಲಿ ಟ್ರ್ಯಾಕಿಗೆ ಬಟ್ಟೆ ತುರುಕಿರುವುದನ್ನು ನೀವೂ ನೋಡಿರುತ್ತೀರಿ. ನಮ್ಮ ಅಡುಗೆ ಕೋಣೆಯ ಸೀಳನ್ನು ನಾನೇ ಹಳೆಯ ಟೂತ್ ಬ್ರಷ್ಷಿನಿಂದ ತೊಳೆಯುತ್ತೇನೆ. ಮನೆಯವರು ನಗುತ್ತಾರೆ. ನಗಲಿ, ನೆಲ ಒಣಗಿದೆ.

ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಸಲಕ್ಕೆ ಅರ್ಧ ಮಾತ್ರ ತೆರೆಯುತ್ತದೆ. ಬೇಸಿಗೆಯ ಸೆಕೆಯಲ್ಲಿ ಆ ಕೋಣೆಯಲ್ಲಿ ಕೂತು ಪರೀಕ್ಷೆ ಬರೆಯುವ ಮಕ್ಕಳನ್ನೂ ನೆನೆಯಬೇಕು.

ಪಾಲಿಕೆಯವರಿಗೂ ಇಲಾಖೆಯವರಿಗೂ ನನ್ನದು ಎರಡೇ ಕೇಳಿಕೆ. ಕಿಟಕಿ ಬದಲಿಸಬೇಕು ಅಂತ ಯಾರಾದರೂ ಅಂದಾಜು ಪಟ್ಟಿ ತಂದರೆ, ಪೈಪು ಹಿಡಿದು ನೋಡಿದ್ದೀರಾ ಅಂತ ಮೊದಲು ಕೇಳಲಿ. ಯಾವ ಕಿಟಕಿ, ಎಲ್ಲಿಂದ ನೀರು ಬಂತು ಅಂತ ಬರೆದು ಕೊಡಲಿ. ಕೊಳೆತದ್ದು ಇದ್ದರೆ ಬದಲಿಸಲಿ, ನಾನೇ ಬೇಡ ಅನ್ನುವುದಿಲ್ಲ. ಕೆಲಸ ಮುಗಿದ ಮೇಲೆ, ಬಿಲ್ ಕೊಡುವ ಮುಂಚೆ, ಅದೇ ಪೈಪನ್ನು ಮತ್ತೆ ಹಿಡಿದು ನೋಡಲಿ. ಒಂದು ನಳ, ಒಂದು ಏಣಿ, ಇಬ್ಬರು ಮನುಷ್ಯರು, ಅರ್ಧ ದಿನ. ಇದಕ್ಕೆ ಟೆಂಡರ್ ಬೇಡ.

ಇನ್ನು ಕೆಲಸದ ಕಾಲ. ಆರಿದ್ರಾ ಮಳೆ ಸುರಿಯುವಾಗ ಕಿಟಕಿ ರಿಪೇರಿಗೆ ಜನ ಕಳಿಸಿದರೆ ಸಿಲಿಕೋನ್ ಟ್ಯೂಬ್ ಬಿಟ್ಟು ಅವರ ಕೈಯಲ್ಲಿ ಬೇರೇನೂ ಇರಲು ಸಾಧ್ಯವಿಲ್ಲ. ತೊಯ್ದ ಕಟ್ಟಿಗೆಗೆ ಬಣ್ಣವೂ ಹಿಡಿಯುವುದಿಲ್ಲ, ಪುಟ್ಟಿಯೂ ಹಿಡಿಯುವುದಿಲ್ಲ. ಸೋರುವ ಜಾಗವನ್ನು ಈಗ ಗುರುತು ಹಾಕಿಟ್ಟು, ಕೆಲಸವನ್ನು ಯುಗಾದಿಯ ಆಸುಪಾಸಿನಿಂದ ಮೇ ಒಳಗೆ ಮುಗಿಸಬೇಕು. ಶಾಲೆಗೂ ಆಗ ರಜೆ ಬರುತ್ತದೆ. ಗದಗ, ಹಾವೇರಿ ಕಡೆ ಹಳೆಯ ಮನೆ ಇಟ್ಟುಕೊಂಡವರಿಗೂ ಇದೇ ಮಾತು. ನಿಮ್ಮ ಊರಿನ ಬಡಿಗೇರನ್ನು ಕರೆದು ಕೆಳಗಿನ ಎರಡು ಮೂಲೆ ತೋರಿಸಿ. ಹೊಸ ಕಿಟಕಿಯ ದರಪಟ್ಟಿ ತರಿಸುವುದು ಆಮೇಲೆ ಇದ್ದೇ ಇದೆ.

ಪತ್ರ ಬರೆದ ಧಾರವಾಡದ ಓದುಗರಲ್ಲಿ ಒಂದು ಪ್ರಶ್ನೆ. ಮುಂದಿನ ಮಳೆಗೆ ಮೊಮ್ಮಗಳನ್ನು ಕರೆತರಲು ಶಾಲೆಗೆ ಹೋದಾಗ ಒಮ್ಮೆ ನೋಡಿ ಬನ್ನಿ. ನೀರು ಕಿಟಕಿಯ ಮೂಲೆಯಿಂದ ಇಳಿಯುತ್ತದೆಯೋ, ಅಡಿಕಲ್ಲಿನ ನಡುವಿನಿಂದಲೋ, ಅಥವಾ ಮೇಲಿನ ಗೋಡೆಯಿಂದಲೋ? ಮೂಲೆಯಾದರೆ ಬಡಗಿ ಬೇಕು. ಅಡಿಕಲ್ಲಾದರೆ ಗೌಂಡಿ ಬೇಕು. ಗೋಡೆಯಾದರೆ ಹೆಂಚಿನ ಮೇಲೆ ಯಾರಾದರೂ ಹತ್ತಬೇಕು. ಏನು ಕಂಡಿತು ಅಂತ ಇದೇ ಅಂಕಣಕ್ಕೆ ಬರೆಯಿರಿ.

ಇಂತಿ ನಿಮ್ಮ ಓದುಗ,
ನಿವೃತ್ತ ಬಡಗಿ, ಗದಗ ರಸ್ತೆ, ಹುಬ್ಬಳ್ಳಿ